ಪರದೆಯ ಮೈಲೇಜು, ಬಂಕಿನ ಮೈಲೇಜು: ಸಣ್ಣ ಕಾರಿನ ಇಂಧನ ಲೆಕ್ಕದಲ್ಲಿ ಯಾವುದನ್ನು ಎಷ್ಟು ನಂಬಬೇಕು?

ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಲೀಟರಿಗೆ 21.4 ಕಿ.ಮೀ. ಎಂಬ ಅಂಕಿ ಹೊಳೆಯುತ್ತಿರುತ್ತದೆ. ದಶಾಂಶದವರೆಗೂ ತೋರಿಸುವುದರಿಂದ ಅದು ಅಳೆದು ತೂಗಿ ಹೇಳಿದ ಮಾತಿನಂತೆಯೇ ಕಾಣುತ್ತದೆ. ಆದರೆ ಆ ಪೆಟ್ರೋಲನ್ನು ಯಾರೂ ಅಳೆದಿರುವುದಿಲ್ಲ. ಸಾಮಾನ್ಯ ಕಾರುಗಳಲ್ಲಿ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಹರಿವನ್ನು ಅಳೆಯುವ ಮೀಟರೇ ಇಲ್ಲ. ಇಷ್ಟು ಖರ್ಚಾಗಿರಬೇಕು ಎಂದು ಕಂಪ್ಯೂಟರ್ ಲೆಕ್ಕ ಕಟ್ಟುತ್ತದೆ, ಅಷ್ಟೇ. ಅದು ಬುದ್ಧಿವಂತ ಊಹೆ ನಿಜ, ಆದರೂ ಊಹೆಯೇ.

ಇತ್ತ ಫುಲ್ ಟ್ಯಾಂಕ್ ಮಾಡಿಸಿ, ಓಡಿದ ಕಿಲೋಮೀಟರುಗಳನ್ನು ಹಾಕಿಸಿದ ಲೀಟರುಗಳಿಂದ ಭಾಗಿಸಿ ನೋಡುವವರು ಪರದೆ ಸುಳ್ಳು ಹೇಳುತ್ತಿದೆ ಎಂದು ಸಿಟ್ಟಾಗುತ್ತಾರೆ. ಅವರ ಲೆಕ್ಕವೂ ಅವರು ಭಾವಿಸಿದಷ್ಟು ಗಟ್ಟಿಯಾದದ್ದಲ್ಲ. ಇವೆರಡರ ಆಚೆ, ಕಾರು ಕೊಳ್ಳುವಾಗ ಕೈಗಿತ್ತ ಕರಪತ್ರದಲ್ಲಿ ಮೂರನೆಯ ಅಂಕಿಯೊಂದಿರುತ್ತದೆ. ಅದು ಇವೆರಡಕ್ಕೂ ಎಟುಕದಷ್ಟು ಎತ್ತರದಲ್ಲಿರುತ್ತದೆ. ಮೂರೂ ಅಂಕಿಗಳು ಹುಟ್ಟುವ ಬಗೆ ಬೇರೆ, ತಪ್ಪುವ ಬಗೆಯೂ ಬೇರೆ. ಯಾವುದು ಎಲ್ಲಿ ತಪ್ಪುತ್ತದೆ ಎಂದು ತಿಳಿದುಕೊಂಡರೆ ಮೂರನ್ನೂ ಉಪಯೋಗಿಸಿಕೊಳ್ಳಬಹುದು.

ಇಂಜೆಕ್ಟರ್ ತೆರೆದಿದ್ದ ಹೊತ್ತು

ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರ್ ಎಂಬ ಸಣ್ಣ ವಿದ್ಯುತ್ ಕವಾಟವಿರುತ್ತದೆ. ಅದನ್ನು ಯಾವಾಗ ತೆರೆಯಬೇಕು, ಎಷ್ಟು ಮಿಲಿಸೆಕೆಂಡ್ ತೆರೆದಿಡಬೇಕು ಎಂದು ತೀರ್ಮಾನಿಸುವುದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು. ಇಂಜೆಕ್ಟರ್ ಪೂರ್ತಿ ತೆರೆದಿದ್ದಾಗ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಹರಿಯುತ್ತದೆ ಎಂಬ ಅಂಕಿಯನ್ನು ಕಾರ್ಖಾನೆಯಲ್ಲೇ ಅದರ ಸ್ಮೃತಿಯಲ್ಲಿ ಬರೆದಿಟ್ಟಿರುತ್ತಾರೆ. ತೆರೆದಿದ್ದ ಹೊತ್ತನ್ನು ಆ ಅಂಕಿಯಿಂದ ಗುಣಿಸಿದರೆ ಲೀಟರ್ ಸಿಕ್ಕಿತು. ನಲ್ಲಿಯನ್ನು ಎಷ್ಟು ಹೊತ್ತು ತಿರುಗಿಸಿಟ್ಟಿದ್ದೆವು ಎಂಬುದರ ಮೇಲೆ ಬಕೆಟಿಗೆ ಬಿದ್ದ ನೀರನ್ನು ಹೇಳಿದ ಹಾಗೆ: ನೀರಿನ ಒತ್ತಡ ಒಂದೇ ಸಮನಾಗಿದ್ದು, ನಲ್ಲಿಯಲ್ಲಿ ಕಸ ಕಟ್ಟಿಲ್ಲದಿದ್ದರೆ ಲೆಕ್ಕ ಸರಿ.

ಮೂರು ಸಿಲಿಂಡರಿನ ಸಣ್ಣ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೂ ಮೂರು ಇಂಜೆಕ್ಟರುಗಳು ಸೇರಿ ಒಂದು ನಿಮಿಷದಲ್ಲಿ 1,200 ಬಾರಿ ತೆರೆದು ಮುಚ್ಚುತ್ತವೆ. ಹಾಗಾಗಿ ಒಂದೊಂದು ಸಲದ ಸಣ್ಣ ತಪ್ಪೂ ಕೂಡುತ್ತಾ ಹೋಗುತ್ತದೆ. ಅದರಲ್ಲೂ ಒಂದು ತಪ್ಪನ್ನು ಹತ್ತಿರದಿಂದ ನೋಡಬೇಕು. ವಿದ್ಯುತ್ ಬಂದ ಕ್ಷಣವೇ ಇಂಜೆಕ್ಟರ್ ತೆರೆದುಕೊಳ್ಳುವುದಿಲ್ಲ. ಒಳಗಿನ ಸೂಜಿ ಮೇಲೇಳಲು ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಬ್ಯಾಟರಿಯ ವೋಲ್ಟೇಜ್ ಕಡಿಮೆಯಿದ್ದರೆ ಇನ್ನೂ ತಡ. ಇಸಿಯು ಈ ಸತ್ತ ಹೊತ್ತನ್ನು ಅಂದಾಜಿನ ಮೇಲೆ ಕಳೆದು ಲೆಕ್ಕ ಹಾಕುತ್ತದೆ. ನಿಂತ ಕಾರಿನಲ್ಲಿ ಇಂಜೆಕ್ಟರಿಗೆ ಸಿಗುವ ಒಟ್ಟು ಹೊತ್ತು 2.5 ಮಿಲಿಸೆಕೆಂಡ್ ಎಂದುಕೊಳ್ಳಿ. ಪೆಟ್ರೋಲ್ ನಿಜಕ್ಕೂ ಹರಿಯುವುದು 1.5 ಮಿಲಿಸೆಕೆಂಡ್ ಮಾತ್ರ. ಸತ್ತ ಹೊತ್ತಿನ ಅಂದಾಜು 0.1 ಮಿಲಿಸೆಕೆಂಡ್ ತಪ್ಪಿದರೂ ಲೆಕ್ಕ ಶೇ 6ಕ್ಕಿಂತ ಹೆಚ್ಚು ಏರುಪೇರಾಯಿತು. ಹೆದ್ದಾರಿಯಲ್ಲಿ ಅದೇ ಇಂಜೆಕ್ಟರ್ 8 ಮಿಲಿಸೆಕೆಂಡ್ ತೆರೆದಿದ್ದರೆ ಅದೇ ತಪ್ಪು ಶೇ 1.5ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಕಾರಿನ ಪರದೆ ಹೆದ್ದಾರಿಯಲ್ಲಿ ಸತ್ಯಕ್ಕೆ ಹತ್ತಿರವಾಗಿಯೂ ಪೇಟೆಯ ಓಡಾಟದಲ್ಲಿ ದೂರವಾಗಿಯೂ ಇರುವುದಕ್ಕೆ ಇದೂ ಒಂದು ಕಾರಣ.

ಇಂಜೆಕ್ಟರಿನ ತುದಿಯಲ್ಲಿ ಮಸಿ ಕಟ್ಟಿದರೆ ಇನ್ನೊಂದು ಬಗೆಯ ತಪ್ಪು. ಹರಿವು ಕಡಿಮೆಯಾದಾಗ ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ ಅದನ್ನು ಗುರುತಿಸುತ್ತದೆ, ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಟ್ಟು ಸರಿದೂಗಿಸುತ್ತದೆ. ಎಂಜಿನ್ನಿಗೆ ಸಿಕ್ಕಿದ್ದು ಮೊದಲಿನಷ್ಟೇ ಪೆಟ್ರೋಲ್. ಲೆಕ್ಕದಲ್ಲಿ ಮಾತ್ರ ತೆರೆದಿದ್ದ ಹೊತ್ತು ಹೆಚ್ಚಿತು, ಆದ್ದರಿಂದ ಖರ್ಚೂ ಹೆಚ್ಚಾಯಿತು. ಇಂಥ ಕಾರಿನ ಪರದೆ ವಾಸ್ತವಕ್ಕಿಂತ ಕಡಿಮೆ ಮೈಲೇಜ್ ತೋರಿಸುತ್ತದೆ. ಪರದೆ ಯಾವಾಗಲೂ ಹೆಚ್ಚೇ ತೋರಿಸುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ.

ಪರದೆಯ ಕಣ್ಣಿಗೆ ಬೀಳದೆ ಉರಿಯುವ ಪೆಟ್ರೋಲೂ ಉಂಟು. ಟ್ಯಾಂಕಿನಲ್ಲಿ ಆವಿಯಾದ ಪೆಟ್ರೋಲ್ ಹೊರಗಿನ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಡಬ್ಬಿಯೊಂದು ಅದನ್ನು ಹೀರಿಟ್ಟುಕೊಳ್ಳುತ್ತದೆ. ಕಾರು ಓಡುವಾಗ ಆ ಆವಿಯನ್ನು ಎಂಜಿನ್ ಎಳೆದುಕೊಂಡು ಉರಿಸುತ್ತದೆ. ಇಂಜೆಕ್ಟರಿನ ಮೂಲಕ ಬರದ ಕಾರಣ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಪ್ರಮಾಣ ದೊಡ್ಡದಲ್ಲ, ಆದರೆ ಬಂಕಿನಲ್ಲಿ ಅದಕ್ಕೂ ಹಣ ಕೊಟ್ಟಿರುತ್ತೇವೆ.

ತಯಾರಕರು ಬೇಕೆಂದೇ ಅಂಕಿಯನ್ನು ಉಬ್ಬಿಸುತ್ತಾರೆಯೇ? ಪರದೆಯ ಸಂಖ್ಯೆಗೆ ಒಂದು ತಿದ್ದುಪಡಿ ಗುಣಕ ಇರುತ್ತದೆ, ಕೆಲವು ಕಾರುಗಳಲ್ಲಿ ಅದನ್ನು ಸರ್ವಿಸ್ ಉಪಕರಣದಿಂದ ಬದಲಾಯಿಸಲೂ ಬರುತ್ತದೆ. ಅನುಮಾನ ಎಲ್ಲಿ ಬಲವಾಗಿತ್ತೋ ಅಲ್ಲಿ ಕಾನೂನೂ ಬಂದಿದೆ. ಯುರೋಪಿನ ಒಕ್ಕೂಟದಲ್ಲಿ 2021ರಿಂದ ನೋಂದಣಿಯಾಗುವ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳು ತಮ್ಮ ಇಂಧನ ಖರ್ಚನ್ನು ತಾವೇ ದಾಖಲಿಸಿಕೊಳ್ಳಬೇಕು, ಪ್ರಯೋಗಾಲಯದ ಅಳತೆಗೆ ಹೋಲಿಸಿದರೆ ಆ ದಾಖಲೆ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗಿರಬಾರದು. ಗಮನಿಸಿ: ನಿಯಮ ಕಟ್ಟಿಹಾಕಿರುವುದು ಒಳಗಿನ ದಾಖಲೆಯನ್ನು, ಕಣ್ಣಿಗೆ ಕಾಣುವ ಪರದೆಯನ್ನಲ್ಲ. ಇಷ್ಟು ಬಿಗಿಯಾದ ನಿಯಮವೇ ಶೇ 5ರ ಸಡಿಲ ಕೊಡುತ್ತದೆ ಎಂದರೆ, ದಶಾಂಶದ ಆಚೆಯ ಆ ಒಂದಂಕಿ ಬರೀ ಅಲಂಕಾರ ಎಂದೇ ನನ್ನ ಎಣಿಕೆ.

ಕಿಲೋಮೀಟರ್ ಕೂಡ ಲೆಕ್ಕವೇ

ಮೈಲೇಜಿನ ಚರ್ಚೆಯಲ್ಲಿ ಎಲ್ಲರೂ ಲೀಟರಿನ ಮೇಲೆ ಜಗಳವಾಡುತ್ತಾರೆ, ಕಿಲೋಮೀಟರನ್ನು ಪ್ರಶ್ನಿಸುವವರು ಕಡಿಮೆ. ಕಾರಿಗೆ ರಸ್ತೆಯ ಉದ್ದ ಗೊತ್ತಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ ಅದಕ್ಕೆ ತಿಳಿಯುವುದು.

165/80 ಅಳತೆಯ, 14 ಇಂಚಿನ ಟೈರನ್ನು ತೆಗೆದುಕೊಳ್ಳೋಣ. ಹೊಸದಾಗಿದ್ದಾಗ ಅದರ ವ್ಯಾಸ ಸುಮಾರು 620 ಮಿಲಿಮೀಟರ್, ಒಂದು ಸುತ್ತಿಗೆ ಸುಮಾರು 1.95 ಮೀಟರ್. ಹೊಸ ಟೈರಿನ ಪಟ್ಟಿಯ ಆಳ 8 ಮಿಲಿಮೀಟರ್ ಇದ್ದದ್ದು ಸವೆದು 1.6 ಮಿಲಿಮೀಟರಿಗೆ ಬಂದಾಗ ತ್ರಿಜ್ಯ 6.4 ಮಿಲಿಮೀಟರ್ ಕುಗ್ಗಿರುತ್ತದೆ. ಅಂದರೆ ಶೇ 2. ಸವೆದ ಟೈರಿನ ಕಾರು 98 ಕಿ.ಮೀ. ಓಡಿದಾಗ ಓಡೋಮೀಟರ್ 100 ಎನ್ನುತ್ತದೆ. ದೊಡ್ಡ ವ್ಯಾಸದ ಟೈರ್ ಹಾಕಿಸಿಕೊಂಡವರಿಗೆ ಇದರ ತಿರುವುಮುರುವು.

ಇಲ್ಲೊಂದು ಸೂಕ್ಷ್ಮವಿದೆ. ಪರದೆಯ ಮೈಲೇಜಿಗೂ ಬಂಕಿನ ಲೆಕ್ಕಕ್ಕೂ ಕಿಲೋಮೀಟರ್ ಒದಗಿಸುವುದು ಅದೇ ಓಡೋಮೀಟರ್. ಆದ್ದರಿಂದ ದೂರದ ತಪ್ಪು ಎರಡರಲ್ಲೂ ಸಮನಾಗಿ ಕೂತಿರುತ್ತದೆ. ಎರಡೂ ಅಂಕಿಗಳು ಒಂದಕ್ಕೊಂದು ತಾಳೆಯಾದವು ಎಂದು ಖುಷಿಪಡುವವರ ನಿಜವಾದ ಮೈಲೇಜ್ ಇನ್ನೂ ಶೇ 2 ಕಡಿಮೆ ಇರಬಹುದು. ಪರದೆಯನ್ನೂ ಬಂಕನ್ನೂ ಹೋಲಿಸಿದರೆ ಲೀಟರಿನ ತಪ್ಪು ಮಾತ್ರ ಬಯಲಾಗುತ್ತದೆ. ಕಿಲೋಮೀಟರಿನ ತಪ್ಪು ಹಿಡಿಯಲು ಮೂರನೆಯ ಸಾಕ್ಷಿ ಬೇಕು: ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳು, ಇಲ್ಲವೇ ತಿರುವು ಕಡಿಮೆಯಿರುವ 50 ಕಿ.ಮೀ. ಉದ್ದದ ದಾರಿಯಲ್ಲಿ ಮೊಬೈಲಿನ ಜಿಪಿಎಸ್ ದಾಖಲೆ.

ಸ್ಪೀಡೋಮೀಟರ್ ಬೇರೆಯೇ ಜಾತಿ. ಅದು ಹೆಚ್ಚು ತೋರಿಸುವುದು ಕಾಯಿದೆಯ ಒಪ್ಪಿಗೆಯಿಂದಲೇ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಲು ಮಾತ್ರ ನಿಜ ವೇಗದ ಶೇ 10ರ ಮೇಲೆ 4 ಕಿ.ಮೀ.ವರೆಗೆ ಅವಕಾಶವಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರಿನ ಮುಳ್ಳು 92ರ ಮೇಲಿದ್ದರೂ ಅದು ನಿಯಮಬದ್ಧ. ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ, ಹಾಗಾಗಿ ಓಡೋಮೀಟರೂ ಅಷ್ಟೇ ಹೆಚ್ಚು ಎಂದು ಹಲವರು ತರ್ಕಿಸುತ್ತಾರೆ. ಎರಡಕ್ಕೂ ಮೂಲ ಒಂದೇ ಸಂವೇದಕವಾದರೂ ಆಮೇಲಿನ ಲೆಕ್ಕ ಬೇರೆ ಬೇರೆ. ಮುಳ್ಳು ಉಬ್ಬಿಸಿದಷ್ಟು ದೂರವೂ ಉಬ್ಬುವುದಿಲ್ಲ.

ಬಂಕಿನಲ್ಲಿ ‘ಫುಲ್’ ಎಂದರೆ ಎಷ್ಟು?

ಬಂಕಿನ ಮೀಟರನ್ನು ಸಂಶಯಿಸುವುದು ಹಳೆಯ ಅಭ್ಯಾಸ. ಮೋಸವಿಲ್ಲದ, ಕಾಲಕಾಲಕ್ಕೆ ತಪಾಸಣೆಯಾದ ಪಂಪಾದರೆ ಈ ಮೂರೂ ಲೆಕ್ಕಗಳಲ್ಲಿ ಅತ್ಯಂತ ನಿಖರವಾದ ಉಪಕರಣ ಅದೇ. ಅಂತರರಾಷ್ಟ್ರೀಯ ಅಳತೆ ಮಾನದಂಡ ಪಂಪಿಗೆ ಕೊಡುವ ಸಡಿಲ ಶೇ 0.5 ಮಾತ್ರ. ತಪ್ಪು ನುಸುಳುವುದು ನಮ್ಮ ಟ್ಯಾಂಕಿನಲ್ಲಿ.

ಪಂಪಿನ ನಾಜಲ್ ತುದಿಯಲ್ಲಿ ಸಣ್ಣ ರಂಧ್ರವೊಂದಿದೆ. ಪೆಟ್ರೋಲ್ ಹರಿಯುವ ರಭಸಕ್ಕೆ ಆ ರಂಧ್ರದಿಂದ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕಿನ ಪೆಟ್ರೋಲ್ ಮೇಲೇರಿ ರಂಧ್ರವನ್ನು ಮುಚ್ಚಿದೊಡನೆ ಒಳಗೆ ನಿರ್ವಾತ ಉಂಟಾಗಿ ಕವಾಟ ‘ಟಕ್’ ಎಂದು ಬೀಳುತ್ತದೆ. ಆ ರಂಧ್ರ ಪೆಟ್ರೋಲಿಗೂ ನೊರೆಗೂ ಭೇದ ಮಾಡುವುದಿಲ್ಲ. ಪಂಪಿನ ವೇಗ ಹೆಚ್ಚಿದ್ದರೆ, ನಾಜಲ್ ಹಿಡಿದ ಕೋನ ಬದಲಾದರೆ, ನೆಲ ಒಂದು ಕಡೆ ವಾಲಿದ್ದರೆ ಅದೇ ಟ್ಯಾಂಕು ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ‘ಫುಲ್’ ಆಗುತ್ತದೆ. ಒಂದು ಲೀಟರಿನ ವ್ಯತ್ಯಾಸ ಬರುವುದು ಏನೂ ಅಪರೂಪವಲ್ಲ. 60 ಲೀಟರಿನ ಟ್ಯಾಂಕಿಗೆ ಅದು ಸಣ್ಣದು. 20 ಲೀಟರ್ ತುಂಬಿಸುವ ಸಣ್ಣ ಕಾರಿನ ಮಾಲೀಕನಿಗೆ ಅದು ಶೇ 5. ಇದರ ಜೊತೆಗೆ ಬಿಸಿಲು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಶೇ 0.1ರಷ್ಟು ಹಿಗ್ಗುತ್ತದೆ, 30 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಹಿಗ್ಗಿದ ಹಾಗಾಯಿತು.

ಒಂದು ಉದಾಹರಣೆ ಬಿಡಿಸೋಣ. ಫುಲ್ ಟ್ಯಾಂಕಿನಿಂದ ಹೊರಟ ಕಾರು 412 ಕಿ.ಮೀ. ಓಡಿತು, ಮತ್ತೆ ಫುಲ್ ಮಾಡಿಸಿದಾಗ 22.6 ಲೀಟರ್ ಹಿಡಿಯಿತು. ಬಂಕಿನ ಲೆಕ್ಕ ಲೀಟರಿಗೆ 18.2, ಪರದೆ ಹೇಳಿದ್ದು 19.6. ಪರದೆ ಶೇ 7ಕ್ಕಿಂತ ಹೆಚ್ಚು ಉಬ್ಬಿಸಿದೆ ಎಂದು ಯಾರಾದರೂ ಹೇಳಿಯಾರು. ಮುಂದಿನ ಸಲ 378 ಕಿ.ಮೀ.ಗೆ 18.9 ಲೀಟರ್: ಬಂಕಿನ ಲೆಕ್ಕ ಲೀಟರಿಗೆ 20.0, ಪರದೆಯಲ್ಲಿ 19.1. ಈಗ ಪರದೆಯೇ ಕಡಿಮೆ ಹೇಳುತ್ತಿದೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಎರಡನ್ನೂ ಕೂಡಿಸಿ ನೋಡಿ. ಒಟ್ಟು 790 ಕಿ.ಮೀ., 41.5 ಲೀಟರ್, ಅಂದರೆ ಲೀಟರಿಗೆ 19.04. ಪರದೆಯ ಪ್ರಕಾರ ಮೊದಲ ಸಲ ಖರ್ಚಾದದ್ದು 21.0 ಲೀಟರ್, ಎರಡನೆಯ ಸಲ 19.8, ಒಟ್ಟು 40.8 ಲೀಟರಿಗೆ 790 ಕಿ.ಮೀ. ಎಂದರೆ 19.36. ವ್ಯತ್ಯಾಸ ಶೇ 2ರೊಳಗೆ ಬಂದು ನಿಂತಿತು. ಮೊದಲ ಸಲದ ಶೇ 7 ಬಹುಪಾಲು ಪರದೆಯದ್ದಾಗಿರಲಿಲ್ಲ, ನಾಜಲ್ ಎಲ್ಲಿ ನಿಂತಿತು ಎಂಬುದರದ್ದಾಗಿತ್ತು.

ಇದರ ಹಿಂದಿನ ತತ್ವ ಸರಳ. ಸಾಲಾಗಿ ಎಷ್ಟು ಸಲ ಫುಲ್ ಮಾಡಿಸಿದರೂ ಲೆಕ್ಕದಲ್ಲಿ ಉಳಿಯುವುದು ಮೊದಲನೆಯ ‘ಫುಲ್’ ಮತ್ತು ಕೊನೆಯ ‘ಫುಲ್’ಗಳ ತಪ್ಪು ಮಾತ್ರ, ನಡುವಿನವು ಒಂದನ್ನೊಂದು ಹೊಡೆದುಹಾಕುತ್ತವೆ. 200 ಲೀಟರಿನ ಮೇಲೆ ಒಂದು ಲೀಟರಿನ ತಪ್ಪು ಅರ್ಧ ಶೇಕಡಾ ಮಾತ್ರ. ಆದ್ದರಿಂದ ಒಂದೇ ಟ್ಯಾಂಕಿನ ಅಂಕಿ ಹಿಡಿದು ವಾದಿಸುವವರೊಡನೆ ವಾದಿಸದಿರುವುದೇ ಲೇಸು. ಟಕ್ ಎಂದ ಮೇಲೂ ಗಂಟಲವರೆಗೆ ತುಂಬಿಸುವುದರಿಂದ ನಿಖರತೆ ಬರುತ್ತದೆ ಎಂದು ಕೆಲವರು ನಂಬುತ್ತಾರೆ. ಆ ಹೆಚ್ಚುವರಿ ಪೆಟ್ರೋಲ್ ಆಗಲೇ ಹೇಳಿದ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಹುದು.

ಕೂಡಿಸುವಾಗಲೂ ಎಚ್ಚರ ಬೇಕು. ಮೈಲೇಜುಗಳ ಸರಾಸರಿ ತೆಗೆಯಬಾರದು. 10 ಕಿ.ಮೀ. ದೂರವನ್ನು ಲೀಟರಿಗೆ 10ರಂತೆ, ಇನ್ನೊಂದು 10 ಕಿ.ಮೀ. ದೂರವನ್ನು ಲೀಟರಿಗೆ 20ರಂತೆ ಓಡಿದರೆ ಸರಾಸರಿ 15 ಅಲ್ಲ, 20 ಕಿ.ಮೀ.ಗೆ ಒಂದೂವರೆ ಲೀಟರ್ ಆಗಿದೆ, ಅಂದರೆ 13.3. ಕೆಟ್ಟ ಮೈಲೇಜಿನ ಕಿಲೋಮೀಟರುಗಳೇ ಹೆಚ್ಚು ಪೆಟ್ರೋಲ್ ಕುಡಿಯುವುದರಿಂದ ಅವುಗಳ ತೂಕ ಹೆಚ್ಚು. ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿಯನ್ನು ನೋಡಿ ಉಬ್ಬುವವರೂ ಇಲ್ಲೇ ಎಡವುವುದು. ಇಳಿಜಾರಿನಲ್ಲಿ ಗೇರ್ ಹಾಗೆಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಸಿಯು ಇಂಜೆಕ್ಟರನ್ನು ಪೂರ್ತಿ ಮುಚ್ಚುತ್ತದೆ, ಪಟ್ಟಿ 99.9ಕ್ಕೆ ಜಿಗಿಯುತ್ತದೆ. ಅದು ನಿಜವೇ. (ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಮತ್ತೆ ಪೆಟ್ರೋಲ್ ಕೇಳುತ್ತದೆ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಉಳಿಸುತ್ತೇನೆ ಎನ್ನುವವರಿಗೆ ಈ ಪಟ್ಟಿಯೇ ಉತ್ತರ.) ಆದರೆ ಅದಕ್ಕೆ ಮುಂಚಿನ ಏರಿನಲ್ಲಿ ಲೀಟರಿಗೆ 6ರಂತೆ ಉರಿದದ್ದನ್ನು ಅದು ಅಳಿಸಿಹಾಕುವುದಿಲ್ಲ.

ಕರಪತ್ರದ ಅಂಕಿ ಬರುವುದೆಲ್ಲಿಂದ?

ಪ್ರಯೋಗಾಲಯದಲ್ಲಿ ಕಾರು ಉರುಳೆಗಳ ಮೇಲೆ ನಿಂತಲ್ಲೇ ಓಡುತ್ತದೆ. ಅಲ್ಲೂ ಲೀಟರನ್ನು ನೇರವಾಗಿ ಅಳೆಯುವುದು ರೂಢಿಯಲ್ಲ. ಹೊಗೆಯನ್ನು ಸಂಗ್ರಹಿಸಿ ಅದರಲ್ಲಿರುವ ಇಂಗಾಲವನ್ನು ಲೆಕ್ಕ ಹಾಕುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರಲೇಬೇಕು. ಇಂಗಾಲ ಎಲ್ಲಿಯೂ ಮಾಯವಾಗುವುದಿಲ್ಲ. ವಿಧಾನ ಗಟ್ಟಿಯಾದದ್ದೇ. ಸಡಿಲವಿರುವುದು ಪರೀಕ್ಷೆಯ ಪಠ್ಯದಲ್ಲಿ.

ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ 1,180 ಸೆಕೆಂಡಿನದು, ಸುಮಾರು 11 ಕಿ.ಮೀ., ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಹತ್ತಿರ. ಅದರಲ್ಲಿ ಕಾರು ನಿಧಾನವಾಗಿ ವೇಗ ಪಡೆದು, ಒಂದೇ ವೇಗದಲ್ಲಿ ಸಾಗಿ, ಮೆಲ್ಲಗೆ ನಿಲ್ಲುತ್ತದೆ. ಹಾಗೆ ಓಡಿಸುವ ಮನುಷ್ಯ ರಸ್ತೆಯಲ್ಲಿ ಸಿಕ್ಕರೆ ಹಿಂದಿನವರು ಹಾರನ್ ಹೊಡೆದೇ ಕೊಲ್ಲುತ್ತಾರೆ. ಇದರ ಬದಲಿಗೆ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ 1,800 ಸೆಕೆಂಡ್, 23 ಕಿ.ಮೀ.ಗೂ ಸ್ವಲ್ಪ ಹೆಚ್ಚು, ಗರಿಷ್ಠ ವೇಗ 131 ಕಿ.ಮೀ. ಎರಡರಲ್ಲೂ ಎ.ಸಿ. ಬಂದ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 2008ರ ಮಾದರಿಗಳಿಂದ ಎ.ಸಿ., ಚಳಿ, ಹೆಚ್ಚಿನ ವೇಗ ಇವುಗಳನ್ನೂ ಸೇರಿಸಿಕೊಂಡು ಐದು ಪರೀಕ್ಷೆಗಳ ಆಧಾರದ ಮೇಲೆ ಅಂಕಿ ಕೊಡುತ್ತದೆ. ಆ ಅಂಕಿಗಳು ಮಾಲೀಕರ ಅನುಭವಕ್ಕೆ ಹೆಚ್ಚು ಹತ್ತಿರವಾಗಿರುವುದು ಆಶ್ಚರ್ಯವಲ್ಲ. ಒಂದೇ ಕಾರಿಗೆ ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ಮೈಲೇಜ್ ಬರುವಾಗ, ಯಾವ ಪರೀಕ್ಷೆಯ ಅಂಕಿ ಎಂದು ಕೇಳದೆ ಎರಡು ಕಾರುಗಳನ್ನು ಹೋಲಿಸುವುದು ಅರ್ಥಹೀನ.

ಉರುಳೆಗಳ ಮೇಲೆ ಗಾಳಿಯ ಅಡ್ಡಿ ಇರುವುದಿಲ್ಲವಲ್ಲ, ಅದನ್ನು ಯಂತ್ರವೇ ಹೇರಬೇಕು. ಎಷ್ಟು ಹೇರಬೇಕು ಎಂದು ತಿಳಿಯಲು ಮೊದಲು ಕಾರನ್ನು ಪರೀಕ್ಷಾ ಹಾದಿಯಲ್ಲಿ ವೇಗವಾಗಿ ಓಡಿಸಿ, ನ್ಯೂಟ್ರಲ್ ಮಾಡಿ, ತಾನಾಗಿ ಎಷ್ಟು ಬೇಗ ನಿಧಾನಿಸುತ್ತದೆ ಎಂದು ಅಳೆಯುತ್ತಾರೆ. ಇಡೀ ಕಟ್ಟಡ ನಿಂತಿರುವುದು ಈ ಒಂದು ಅಳತೆಯ ಮೇಲೆ. 2016ರ ಏಪ್ರಿಲಿನಲ್ಲಿ ಜಪಾನಿನ ಮಿತ್ಸುಬಿಷಿ ಮೋಟರ್ಸ್ ಒಪ್ಪಿಕೊಂಡದ್ದು ಇದೇ ಪ್ರತಿರೋಧದ ಅಂಕಿಗಳನ್ನು ತಿರುಚಿದ್ದನ್ನು. ಒಳಗೊಂಡಿದ್ದವು 660 ಸಿಸಿಯೊಳಗಿನ ಸುಮಾರು 6.25 ಲಕ್ಷ ಪುಟ್ಟ ಕಾರುಗಳು. ಬಹುಪಾಲು ನಿಸಾನ್ ಹೆಸರಿನಲ್ಲಿ ಮಾರಾಟವಾಗಿದ್ದವು. ಮೈಲೇಜನ್ನೇ ನಂಬಿ ಮಾರುವ ವರ್ಗದಲ್ಲಿ ಆಸೆ ಎಲ್ಲಿಗೆ ಕೈ ಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೋಸವಿಲ್ಲದಿದ್ದರೂ ಅಂತರ ಉಳಿಯುತ್ತದೆ. ಯುರೋಪಿನ ಕಾರುಗಳು ತಾವೇ ದಾಖಲಿಸಿಕೊಂಡ ಮಾಹಿತಿಯನ್ನು ಒಟ್ಟುಗೂಡಿಸಿ ಯುರೋಪಿನ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ನೋಂದಣಿಯಾದ ಪೆಟ್ರೋಲ್, ಡೀಸೆಲ್ ಕಾರುಗಳ ರಸ್ತೆಯ ಖರ್ಚು ಡಬ್ಲ್ಯುಎಲ್‌ಟಿಪಿ ಅಂಕಿಗಿಂತ ಸುಮಾರು ಶೇ 20 ಹೆಚ್ಚು. ಚಾರ್ಜ್ ಮಾಡಬಹುದಾದ ಹೈಬ್ರಿಡ್‌ಗಳಲ್ಲಿ ಮೂರೂವರೆ ಪಟ್ಟು! ಖರ್ಚು ಶೇ 20 ಹೆಚ್ಚಾದರೆ ಮೈಲೇಜ್ ಸುಮಾರು ಶೇ 17 ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ.

ಸಣ್ಣ ಕಾರು ಏಕೆ ಇಷ್ಟು ಹೊಯ್ದಾಡುತ್ತದೆ?

ಇಬ್ಬರು ಕುಳಿತ ಸಣ್ಣ ಕಾರಿನ ತೂಕ 1,100 ಕೆ.ಜಿ. ಎಂದುಕೊಂಡು ಒಂದು ಅಂದಾಜು ಕಟ್ಟೋಣ. ಉರುಳುವ ಟೈರುಗಳ ಪ್ರತಿರೋಧ ಸುಮಾರು 120 ನ್ಯೂಟನ್. ವೇಗ ಹೆಚ್ಚಿದರೂ ಅದು ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುತ್ತದೆ: ಗಂಟೆಗೆ 80 ಕಿ.ಮೀ.ಯಲ್ಲಿ ಸುಮಾರು 207 ನ್ಯೂಟನ್, 100ರಲ್ಲಿ 324, 120ರಲ್ಲಿ 467. ಕೂಡಿದರೆ ಕ್ರಮವಾಗಿ 327, 444, 587. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಅದರ ಕಾಲು ಭಾಗ ಚಕ್ರಕ್ಕೆ ತಲುಪಿದರೆ 8 ಮೆಗಾಜೂಲ್. ಭಾಗಿಸಿ ನೋಡಿ: 80ರಲ್ಲಿ ಲೀಟರಿಗೆ 24 ಕಿ.ಮೀ.ಗೂ ಹೆಚ್ಚು, 100ರಲ್ಲಿ 18, 120ರಲ್ಲಿ 13.6. ಹೊರೆ ಹೆಚ್ಚಿದಾಗ ಎಂಜಿನ್ನಿನ ದಕ್ಷತೆಯೂ ಸ್ವಲ್ಪ ಏರುವುದರಿಂದ ನಿಜವಾದ ಕುಸಿತ ಇಷ್ಟು ಕಡಿದಾಗಿರುವುದಿಲ್ಲ. ಆದರೂ ಒಂದೇ ಕಾರಿನ ಬಗ್ಗೆ ಒಬ್ಬ 23 ಎಂದು, ಇನ್ನೊಬ್ಬ 15 ಎಂದು ಹೇಳಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ.

ಇನ್ನು ಎ.ಸಿ. ಅದರ ಕಂಪ್ರೆಸರ್ ಸರಾಸರಿ 1.5 ಕಿಲೋವಾಟ್ ಎಳೆಯುತ್ತದೆ ಎನ್ನೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರಿಗೆ 45 ಸೆಕೆಂಡ್, ಹಾಗಾಗಿ ಕಿಲೋಮೀಟರಿಗೆ 67 ಕಿಲೋಜೂಲ್. 327 ನ್ಯೂಟನ್ ಬಲದಿಂದ ಕಾರನ್ನು ಒಂದು ಕಿಲೋಮೀಟರ್ ದೂಡಲು ಬೇಕಾಗುವುದು 327 ಕಿಲೋಜೂಲ್, ಎ.ಸಿ.ಯದ್ದು ಅದರ ಐದನೇ ಒಂದು ಭಾಗ. ದಟ್ಟಣೆಯಲ್ಲಿ ಸರಾಸರಿ 15 ಕಿ.ಮೀ. ವೇಗದಲ್ಲಿ ತೆವಳುವಾಗ ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷ ಬೇಕು, ಎ.ಸಿ.ಗೇ 360 ಕಿಲೋಜೂಲ್. ಹೆದ್ದಾರಿಯಲ್ಲಿ ಇಡೀ ಕಾರನ್ನು ಒಂದು ಕಿಲೋಮೀಟರ್ ದೂಡುವುದಕ್ಕಿಂತ ಹೆಚ್ಚು! ಅದರ ಮೇಲೆ, ನಿಂತ ಎಂಜಿನ್ ತನ್ನ ಪಾಡಿಗೆ ತಿರುಗುತ್ತಾ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಉರಿಸುತ್ತದೆ. ಕಿಲೋಮೀಟರ್ ಏರದೆ ಲೀಟರ್ ಏರುವ ಇಂಥ ಹೊತ್ತೇ ಪೇಟೆಯ ಮೈಲೇಜನ್ನು ತಿನ್ನುವುದು.

ದೊಡ್ಡ ಕಾರಿಗೂ ಇವೆಲ್ಲ ಇವೆ. ಆದರೆ ಅದರ ಮೂಲ ಖರ್ಚೇ ಹೆಚ್ಚು, ಹಾಗಾಗಿ ಎ.ಸಿ., ತೂಕ, ಹೆಡ್‌ಲೈಟ್ ಅದರಲ್ಲಿ ಕರಗಿಹೋಗುತ್ತವೆ. 850 ಕೆ.ಜಿ.ಯ ಕಾರಿಗೆ ಇನ್ನೂ ಮೂವರು ಹತ್ತಿ 200 ಕೆ.ಜಿ. ಸೇರಿದರೆ ಸುಮಾರು ಶೇ 24 ಹೆಚ್ಚಳ, 1,800 ಕೆ.ಜಿ.ಯ ಕಾರಿಗೆ ಶೇ 11. ಒಂದು ಲೀಟರಿನೊಳಗಿನ ಟರ್ಬೊ ಎಂಜಿನ್ನುಗಳದ್ದು ಇನ್ನೊಂದು ಕಥೆ. ಪರೀಕ್ಷೆಯ ಹಗುರ ಹೊರೆಯಲ್ಲಿ ಅವು ಮಿತವ್ಯಯಿ. ತುಂಬಿದ ಕಾರಿನೊಂದಿಗೆ ಏರು ಹತ್ತಿಸುವಾಗ ಟರ್ಬೊ ಪೂರ್ತಿ ದುಡಿಯತೊಡಗುತ್ತದೆ. ಆಗ ಬಿಸಿಯಿಂದ ಭಾಗಗಳನ್ನು ಕಾಪಾಡಲು ಹಲವು ಎಂಜಿನ್ನುಗಳು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತವೆ. ತಣ್ಣಗಿರುವ ಎಂಜಿನ್ನಿನೊಂದಿಗೆ ಎರಡು ಮೂರು ಕಿ.ಮೀ. ಹೋಗಿ ನಿಲ್ಲಿಸುವ ಓಡಾಟ ಯಾವ ಎಂಜಿನ್ನಿಗೂ ಹಿತವಲ್ಲ. ಟೈರಿನ ಗಾಳಿಯ ಪಾಲು ಜನ ಹೇಳುವಷ್ಟು ದೊಡ್ಡದಲ್ಲ: ಅಮೆರಿಕದ ಸರ್ಕಾರಿ ಅಂದಾಜಿನಂತೆ ನಾಲ್ಕೂ ಟೈರುಗಳಲ್ಲಿ ಒಂದು ಪಿಎಸ್ಐ ಕಡಿಮೆಯಾದರೆ ಶೇ 0.2ರಷ್ಟು ನಷ್ಟ.

ಪೆಟ್ರೋಲಿಗೆ ಬೆರೆಸಿದ ಎಥೆನಾಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಂದು ಲೀಟರ್ ಎಥೆನಾಲಿನಲ್ಲಿ ಸುಮಾರು 21 ಮೆಗಾಜೂಲ್ ಮಾತ್ರ ಇದೆ. ಶೇ 20 ಬೆರೆಸಿದರೆ ಲೀಟರಿನ ಶಕ್ತಿ ಶೇ 7ರ ಹತ್ತಿರ ಇಳಿಯುತ್ತದೆ. ಇಸಿಯು ಇದಕ್ಕೆ ಹೊಂದಿಕೊಂಡು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುವುದರಿಂದ ಪರದೆಯಲ್ಲೂ ಇಳಿಕೆ ಕಾಣುತ್ತದೆ. ಇಸಿಯುವಿನ ಮಾಹಿತಿಯನ್ನು ಓದುವ ಓಬಿಡಿ ಸಾಧನ ಜೋಡಿಸಿ ಮೊಬೈಲಿನಲ್ಲಿ ಮೈಲೇಜ್ ನೋಡುವವರು ಇಲ್ಲಿ ಮೋಸಹೋಗಬಹುದು. ಅಂಥ ಹಲವು ಆ್ಯಪ್‌ಗಳು ಎಂಜಿನ್ ಎಳೆದುಕೊಂಡ ಗಾಳಿಯನ್ನು ನೋಡಿ, 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಎಂಬ ಸೂತ್ರ ಹಾಕುತ್ತವೆ. ಎಥೆನಾಲಿಗೆ ಆ ಅನುಪಾತ 9 ಮಾತ್ರ. ಅಲ್ಲದೆ ಇಳಿಜಾರಿನಲ್ಲಿ ಪೆಟ್ರೋಲ್ ಪೂರ್ತಿ ನಿಂತಾಗಲೂ ಗಾಳಿ ಒಳಹೋಗುತ್ತಲೇ ಇರುತ್ತದೆ. ಆ್ಯಪ್ ಅದಕ್ಕೂ ಪೆಟ್ರೋಲ್ ಲೆಕ್ಕ ಬರೆದುಬಿಡಬಹುದು. ಡೀಸೆಲ್ ಎಂಜಿನ್ನಿಗಂತೂ ಗಾಳಿಗೂ ಇಂಧನಕ್ಕೂ ನಿಶ್ಚಿತ ಅನುಪಾತವೇ ಇಲ್ಲ, ಸೂತ್ರ ಪೂರ್ತಿ ನೆಲ ಕಚ್ಚುತ್ತದೆ.

ನಿಮ್ಮ ಕಾರಿನ ಗುಣಕ

ಪರದೆಯ ತಪ್ಪಿನ ಒಳ್ಳೆಯ ಗುಣವೆಂದರೆ ಅದು ಹೆಚ್ಚುಕಡಿಮೆ ಸ್ಥಿರ. ಇಂದು ಶೇ 4 ಹೆಚ್ಚು ತೋರಿಸುವ ಪರದೆ ಮುಂದಿನ ತಿಂಗಳೂ ಅಷ್ಟೇ ತೋರಿಸುತ್ತದೆ. ಹಾಗಾಗಿ ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್, ಮೊದಲ ಟಕ್ಕಿಗೇ ನಿಲ್ಲಿಸುವುದು, ಟ್ರಿಪ್ ಮೀಟರನ್ನು ಆರಂಭದಲ್ಲಿ ಸೊನ್ನೆಗೆ ತಂದು ಮತ್ತೆ ಮುಟ್ಟದಿರುವುದು, ಇಷ್ಟು ಶಿಸ್ತಿನಿಂದ ಐದಾರು ಟ್ಯಾಂಕುಗಳ ಲೆಕ್ಕ ಬರೆದಿಟ್ಟರೆ ಸಾಕು. ಪೆಟ್ರೋಲ್ ಹಾಕಿಸಿದೊಡನೆ ತಾನಾಗಿ ಸೊನ್ನೆಗೆ ಮರಳುವ ಸರಾಸರಿ ಕೆಲವು ಕಾರುಗಳಲ್ಲಿದೆ. ಅದರ ಬದಲು ಕೈಯಿಂದ ಮಾತ್ರ ಸೊನ್ನೆಯಾಗುವ ಎರಡನೆಯ ಟ್ರಿಪ್ಪನ್ನು ಬಳಸಿಕೊಳ್ಳಿ. ಬಂಕಿನ ಒಟ್ಟು ಮೈಲೇಜನ್ನು ಪರದೆಯ ಮೈಲೇಜಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಕಾರಿನ ಗುಣಕ. 0.97 ಬಂತು ಎಂದುಕೊಳ್ಳಿ. ಪರದೆ 20 ಎಂದಾಗ 19.4 ಎಂದು ಓದಿಕೊಳ್ಳುವುದು. ಅಲ್ಲಿಂದ ಮುಂದೆ ಪ್ರತಿ ಸಲ ಫುಲ್ ಮಾಡಿಸುವ ರಗಳೆ ಬೇಕಾಗಿಲ್ಲ. ಇನ್ನೆಷ್ಟು ಕಿ.ಮೀ. ಓಡುತ್ತದೆ ಎಂದು ತೋರಿಸುವ ಅಂಕಿಗೆ ಮಾತ್ರ ಈ ಗುಣಕ ಒಗ್ಗದು. ಅದು ಇತ್ತೀಚಿನ ಮೈಲೇಜನ್ನು ಟ್ಯಾಂಕಿನ ತೇಲುಗುಂಡು ಹೇಳುವ ಮಟ್ಟದಿಂದ ಗುಣಿಸಿದ್ದು. ತೇಲುಗುಂಡು ವಕ್ರಾಕಾರದ ಟ್ಯಾಂಕಿನಲ್ಲಿ ಹೇಳುವುದು ಒರಟು ಅಂದಾಜು. ಇಳಿಜಾರು ಇಳಿದು ಬಂದ ಕಾರು 60 ಕಿ.ಮೀ. ಬಾಕಿ ಎಂದು ಆಶ್ವಾಸನೆ ಕೊಟ್ಟರೆ, ಮುಂದೆ ಏರು ಸಿಕ್ಕಾಗ ಆ ಆಶ್ವಾಸನೆ ಕಣ್ಣೆದುರೇ ಕರಗುತ್ತದೆ.

ವರ್ಷಕ್ಕೊಮ್ಮೆ ಗುಣಕವನ್ನು ಮತ್ತೆ ತೆಗೆದು ನೋಡುವುದಕ್ಕೆ ಇನ್ನೊಂದು ಉಪಯೋಗವಿದೆ. ಪರದೆಯ ಮೈಲೇಜೂ ಬಂಕಿನ ಮೈಲೇಜೂ ಒಟ್ಟಿಗೆ ಇಳಿದು ಗುಣಕ ಹಾಗೆಯೇ ಉಳಿದಿದ್ದರೆ ಕಾರು ನಿಜಕ್ಕೂ ಹೆಚ್ಚು ಉರಿಸುತ್ತಿದೆ: ಹಿಡಿದುಕೊಂಡ ಬ್ರೇಕ್, ಕಡಿಮೆ ಗಾಳಿ, ಬದಲಾದ ದಾರಿ, ಬದಲಾದ ಇಂಧನ, ಇವುಗಳಲ್ಲಿ ಕಾರಣ ಹುಡುಕಬೇಕು. ಪರದೆ ಇಳಿದು ಬಂಕಿನ ಲೆಕ್ಕ ಮೊದಲಿನಂತೆಯೇ ಇದ್ದರೆ, ಅಂದರೆ ಗುಣಕ ಮೇಲೇರಿದರೆ, ಇಂಜೆಕ್ಟರಿನಲ್ಲಿ ಮಸಿ ಕಟ್ಟಿರುವ ಅಥವಾ ಕಾರಿನೊಳಗಿನ ಪೆಟ್ರೋಲ್ ಪಂಪಿನ ಒತ್ತಡ ಕುಗ್ಗಿರುವ ಅನುಮಾನ. ಪರದೆ ಹಾಗೆಯೇ ಇದ್ದು ಬಂಕಿನ ಲೆಕ್ಕ ಮಾತ್ರ ಟ್ಯಾಂಕಿನ ಮೇಲೆ ಟ್ಯಾಂಕು ಕುಸಿಯುತ್ತಿದ್ದರೆ, ಇಂಜೆಕ್ಟರನ್ನು ಮುಟ್ಟದೆಯೇ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ. ಬಂಕನ್ನು ಬದಲಿಸಿಯೂ ಅದು ನಿಲ್ಲದಿದ್ದರೆ ಕಾರನ್ನು ಲಿಫ್ಟಿನ ಮೇಲೇರಿಸಿ ಟ್ಯಾಂಕ್ ಮತ್ತು ಕೊಳವೆಗಳಲ್ಲಿ ಸೋರಿಕೆ ಇದೆಯೇ ಎಂದು ನೋಡಿಸಬೇಕು, ಅದೂ ತಡಮಾಡದೆ.